ನಡಾವಳಿ ಪುಸ್ತಕ, ಪುಟ ನಲವತ್ತೊಂದು

ಸೊಬ್ರೈರಾದ ಪಂಚಾಯ್ತಿಗೆ ನಾನು ಗುಮಾಸ್ತ.
ಪೋರ್ಚುಗಲ್ಲಿನ ಭೂಪಟದಲ್ಲಿ ನಮ್ಮೂರನ್ನು
ಹೆಬ್ಬೆರಳಿಟ್ಟರೆ ಮುಚ್ಚಬಹುದು.
ಇನ್ನೂರ ಹನ್ನೊಂದು ಮತ, ನಲವತ್ತು ನಾಯಿ
(ನಾಯಿಗೂ ಲೈಸೆನ್ಸು ಕೊಡುವವನು ನಾನೇ),
ಒಂದು ಸ್ಮಶಾನ,
ಅದರ ಬೀಗದ ಕೈ ನನ್ನ ಮೇಜಿನ ಖಾನೆಯಲ್ಲಿ.

ದಿಯೊಲಿಂದಾ ಏಳು ಮತಗಳಿಂದ ಗೆದ್ದಳು.
ಇಪ್ಪತ್ತು ವರ್ಷ ವ್ಯಾನಿನಲ್ಲಿ ಬ್ರೆಡ್ಡು ಮಾರಿದವಳು.
ಯಾರ ಮನೆಗೆ ಎಷ್ಟು, ಯಾರ ಹಲ್ಲಿಗೆ ಗಟ್ಟಿ ಅಂಚು ಆಗದು,
ಯಾರು ಸಾಲ ಬರೆಸಿ ಮುಖ ತಿರುಗಿಸುತ್ತಾರೆ,
ಎಲ್ಲ ಬಾಯಿಪಾಠ.
ಗೆದ್ದ ಮೇಲೆ ವ್ಯಾನು ತಮ್ಮನಿಗೆ ಕೊಟ್ಟಳು.
ಅಲ್ಲಿಗೆ ಅವಳು ಬಾಗಿಲು ತಟ್ಟುವುದು ನಿಂತಿತು;
ಜನರೇ ಬಂದು ನಮ್ಮ ಬಾಗಿಲು ತಟ್ಟತೊಡಗಿದರು.
ಇದನ್ನೇ ನಾವು ಗೌರವ ಎಂದುಕೊಂಡೆವು.

ಮೊದಲ ವರ್ಷದ ಕೆಲಸ: ಬಸ್ ನಿಲ್ದಾಣ.
ಕೆಳಗಿನ ಕಲ್ಲುಗೋಡೆಯ ಬಳಿಯಿಂದ ಎತ್ತಿ
ಮೇಲೆ ಚರ್ಚಿನ ಮುಂದೆ ತಂದೆವು.
ಗಾಜಿನ ಗೋಡೆ, ಸ್ಟೀಲಿನ ಬೆಂಚು,
ಹಿತ್ತಾಳೆ ಫಲಕದಲ್ಲಿ ಅವಳ ಹೆಸರು, ತಾರೀಖು.
ಬೆಲ್ಮೀರೊ, ಆ ಏಳು ಮತಗಳಲ್ಲಿ ಸೋತವನು, ಎದ್ದು ಹೇಳಿದ:
"ನಡುವೆ ಮೆಟ್ಟಿಲಿವೆ."
ನಾನು ಬರೆದುಕೊಂಡೆ: ಆಕ್ಷೇಪ, ಒಂದು.
ಬಹುಮತದಿಂದ ಅಂಗೀಕಾರ.

ನವೆಂಬರಿನಲ್ಲಿ ಜಸೀಂತಾ ಬಂದಳು,
ಪ್ರತಿವರ್ಷದಂತೆ, ಬದುಕಿರುವ ಪ್ರಮಾಣಪತ್ರಕ್ಕೆ.
ಗಂಡ ಸ್ವಿಟ್ಜರ್ಲೆಂಡಿನಲ್ಲಿ ಸುರಂಗ ಕೊರೆದು ಸತ್ತ;
ಅಲ್ಲಿಂದ ಬರುವ ಪಿಂಚಣಿಗೆ
ಇವಳು ಸತ್ತಿಲ್ಲವೆಂದು ಇಲ್ಲಿಂದ ಕಾಗದ ಹೋಗಬೇಕು.
ನಾನು ಟೈಪು ಮಾಡಿದೆ. ದಿಯೊಲಿಂದಾ ರುಜು ಹಾಕಿದಳು:
ಸದರಿಯವರು ನನ್ನ ಕಣ್ಣೆದುರು ಜೀವಂತವಾಗಿದ್ದಾರೆ.
ಮೊಹರು ಒತ್ತಿದಳು, ಊದಿ ಒಣಗಿಸಿದಳು.

ಜಸೀಂತಾ ಕಾಗದ ಮಡಿಸುತ್ತ ಅಂದಳು,
ಬೈಗುಳವೇನಲ್ಲ, ಅಂಗಡಿಯಲ್ಲಿ ಬೆಲೆ ಕೇಳುವಂಥ ದನಿ:
"ನಾನು ಬದುಕಿದ್ದೀನಿ ಅಂತ
ಸ್ವಿಸ್ಸಿನವರಿಗೆ ಬರೆದುಕೊಡ್ತೀಯ, ಮಗಳೇ,
ಬಸ್ಸಿಗೂ ಒಂದು ಬರೆದುಕೊಡು.
ಮೂರು ಮಂಗಳವಾರದಿಂದ ಕೆಳಗೇ ನಿಂತಿದೀನಿ.
ಕೈ ಎತ್ತಿದರೂ ನೋಡದೆ ಹೋಗುತ್ತೆ."

ಮೊಹರಿನ ಮಸಿ ದಿಯೊಲಿಂದಾಳ ಹೆಬ್ಬೆರಳಿಗೆ ಹತ್ತಿತ್ತು.
ಆ ದಿನವೆಲ್ಲ ಒರೆಸಿಕೊಳ್ಳುತ್ತಲೇ ಇದ್ದಳು.

ಮುಂದಿನ ಮಂಗಳವಾರ ಮುದುಕಿಯ ಜೊತೆ ಮೆಟ್ಟಿಲು ಹತ್ತಿದಳು,
ಅವಳ ಹೆಜ್ಜೆಗೆ ಹೆಜ್ಜೆ. ಐವತ್ತಮೂರು.
ಮೂರು ಕಡೆ ಕೂತರು.
ಹದಿನೇಳನೆಯದು ಅಲುಗುತ್ತದೆ.
ಇಷ್ಟು ವರ್ಷ ಅದರ ಮೇಲೆ ಓಡಿದವಳಿಗೆ ಗೊತ್ತೇ ಇರಲಿಲ್ಲ.
ಮೇಲೆ ತಲುಪಿದಾಗ
ಬಸ್ಸಿನ ಹೊಗೆಯಷ್ಟೇ ಇತ್ತು.

ಸಭೆಯಲ್ಲಿ ತನ್ನ ಕೆಲಸದ ವಿರುದ್ಧ ತಾನೇ ಠರಾವು ತಂದಳು.
ಬೆಲ್ಮೀರೊ ನಕ್ಕ: "ಅಂದೇ ಹೇಳಿದ್ದೆ."
"ಹೇಳಿದ್ದೆ. ಸೋತವನ ಗೊಣಗಾಟ ಅಂತ ಕೇಳಿಸಿಕೊಂಡೆ.
ತಪ್ಪು ನನ್ನದು. ಅದೇ ಮಾತಲ್ಲಿ ಬರಿ, ಅದೆರೀತೊ,
ನಯ ಮಾಡಬೇಡ."
ಬರೆದೆ.
ಬೆಲ್ಮೀರೊನ ನಗುವಿಗೆ ನಡಾವಳಿಯಲ್ಲಿ ಕಾಲಂ ಇಲ್ಲ,
ಅದು ಅರ್ಧಕ್ಕೇ ನಿಂತುಹೋದದ್ದಕ್ಕೂ.

ಗಾಜಿನ ಗೂಡು ಕೀಳಲು ದುಡ್ಡಿಲ್ಲ, ಅಲ್ಲೇ ಇದೆ.
ಹುಡುಗರು ಮಳೆ ಬಂದರೆ ಇಸ್ಪೀಟಾಡುತ್ತಾರೆ,
ಪಾದ್ರಿಯ ಬೆಕ್ಕು ಮಲಗುತ್ತದೆ.
ಫಲಕವನ್ನು ಅವಳೇ ಬ್ರೆಡ್ಡಿನ ಚಾಕುವಿನ ತುದಿಯಿಂದ ಬಿಚ್ಚಿದಳು.
ನಾಲ್ಕು ತೂತು ಉಳಿದಿವೆ.
ಹದಿನೇಳನೆಯ ಮೆಟ್ಟಿಲಿಗೆ ಇನ್ನೂ ಸಿಮೆಂಟು ಬಿದ್ದಿಲ್ಲ;
ಅದನ್ನೂ ಬರೆದಿಟ್ಟಿದ್ದೇನೆ.

ವರ್ಷದ ಕೊನೆಯ ಸಾಮಾನುಪಟ್ಟಿ:
ಮೇಜು ಎರಡು, ಮೊಹರು ಒಂದು,
ಸ್ಮಶಾನದ ಬೀಗದ ಕೈ ಒಂದು,
ಕುರ್ಚಿ ಹನ್ನೆರಡರಲ್ಲಿ ಹನ್ನೊಂದು.
ಮಿಕ್ಕದ್ದು, ಕೈಗಳಿರುವುದು, ಮೇಜಿನ ತಲೆಯಲ್ಲಿರುತ್ತಿದ್ದದ್ದು,
ಕೆಳಗೆ ಕಲ್ಲುಗೋಡೆಯ ಪಕ್ಕ
ಬಸ್ಸು ಕಾಯುತ್ತಿದೆ.
ಷರಾ: ಕಾಣೆಯಾಗಿಲ್ಲ. ಬಳಕೆಯಲ್ಲಿದೆ.