ಹೆಬ್ಬೆರಳಿನ ಸಂದು

ಕಾಲು ಮಾಡುವುದು ನನ್ನ ಕೆಲಸ. ಪುಣೆಯ ವಾನವಡಿಯಲ್ಲಿ,
ಮಿಲಿಟರಿ ಆಸ್ಪತ್ರೆಯ ಹಿಂದೆ, ತಗಡಿನ ಶೆಡ್ಡು.
ಅದಕ್ಕೂ ಮೊದಲು ಸಂಕೇಶ್ವರದಲ್ಲಿ
ನೊಗ, ಕೂರಿಗೆ, ತೊಟ್ಟಿಲು, ಹೊಸ್ತಿಲು.
ಕಟ್ಟಿಗೆಯ ಗೆರೆ ಕೇಳಿ ಉಳಿ ಹಚ್ಚು ಎನ್ನುತ್ತಿದ್ದ ಅಪ್ಪ.
ಇಲ್ಲಿ ಕೇಳುವಂಥದ್ದಿಲ್ಲ, ಸಾಹೇಬನ ನಕಾಶೆಯಿದೆ.
ಫಾರ್ಮಿನಲ್ಲಿ ಮನುಷ್ಯರು ಎರಡೇ ಜಾತಿ:
ಮೊಣಕಾಲಿನ ಮೇಲೆ, ಮೊಣಕಾಲಿನ ಕೆಳಗೆ.

ಮೇ ತಿಂಗಳಲ್ಲಿ ಯುರೋಪಿನ ಯುದ್ಧ ಮುಗಿಯಿತೆಂದು
ಕ್ಯಾಂಪಿನ ಚರ್ಚಿನಲ್ಲಿ ಗಂಟೆ ಹೊಡೆದರು,
ವಾರ್ಡಿಗೆ ತಲೆಗೆರಡು ಪೇಢೆ ಬಂದವು.
ರಾತ್ರಿ ರೇಸ್‌ಕೋರ್ಸಿನ ಮೇಲೆ ಬಾಣ ಬಿರುಸು.
ಮೊದಲ ಸದ್ದಿಗೇ ಗಂಡಸರೆಲ್ಲ
ಕೈಯಲ್ಲಿ ಪೇಢೆ ಹಿಡಿದೇ ಮಂಚದ ಕೆಳಗೆ.
ಬೆಳಿಗ್ಗೆ ನೆಲ ಒರೆಸಲು ಬಂದ ತಾನೂಬಾಯಿ
ಬರೀ ಇರುವೆ ಗುಡಿಸಿದಳು.

ಲಗಮಣ್ಣ ನಾಯಿಕ ಬಂದದ್ದು ಅದಾದ ಮೇಲೆ,
ಮುಂಬಯಿವರೆಗೆ ಹಡಗು, ಅಲ್ಲಿಂದ ಕೆಂಪು ಶಿಲುಬೆಯ ರೈಲು.
ಬಲಗಾಲು. ಮೊಣಕಾಲಿನ ಕೆಳಗೆ. ಇಟಲಿ.
ನನ್ನ ಬಾಯಲ್ಲಿ ಕನ್ನಡ ಕೇಳಿ
ಮೊದಲು ವಿಚಾರಿಸಿದ್ದು ಊರನ್ನಲ್ಲ:
'ತಂಬಾಕ ಐತೇನ? ಸುಣ್ಣ?'

ಅಳತೆಪಟ್ಟಿ ಸುತ್ತುವಾಗ ಹೇಳಿದ,
ಮೇಲಿನ ತಗಡು ನೋಡುತ್ತ:
'ಆ ಹೊಳೀ ಹೆಸರು ನಾಲಿಗಿಗೆ ಬರೂದುಲ್ಲ.
ನಮ್ಮ ಹಿರಣ್ಯಕೇಶಿಗಿಂತ ಸಣ್ಣದು,
ದಂಡಿ ಮಾತ್ರ ಎರಡಾಳು ಎತ್ತರ.
ಇತ್ತಾಗ ನಾವು, ಅತ್ತಾಗ ಅವರು,
ನಾವು ಕೆಮ್ಮಿದ್ರ ಅವರೂ ಕೆಮ್ಮತಿದ್ರು.
ದ್ರಾಕ್ಷಿ ಚಿಗತಿತ್ತು ನೋಡು, ಕಟ್ಟಾವ್ರಿಲ್ದ
ನೆಲಕ್ಕ ಬಿದ್ದಿತ್ತು ಬಳ್ಳಿ.
ಎತ್ತಿ ತಂತಿಗಿ ಹಚ್ಚೂಣು ಅಂತ
ಬಿಳೀ ಪಟ್ಟಿ ದಾಟಿದ್ಯಾ. ಒಂದ ಹೆಜ್ಜಿ.'

ಇಪ್ಪತ್ತೈದು ದಿನ ಉಳಿದಿತ್ತಂತೆ ಅಲ್ಲಿ ಎಲ್ಲ ಮುಗಿಯಲು.
ಪಕ್ಕದ ಮಂಚದ ಶೇಲಾರ ಮರಾಠಿಯಲ್ಲಿ ನಕ್ಕ:
ನಿನ್ನ ಯುದ್ಧ ನಿಂತಿತಲ್ಲ ಮಾರಾಯ,
ನನ್ನದು ಬರ್ಮಾದಲ್ಲಿ ಇನ್ನೂ ನಡೆದಿದೆ,
ನಾನೊಬ್ಬನೇ ನಡೆಯುತ್ತಿಲ್ಲ.

ಪಾದ ತಯಾರಾಯಿತು. ಹಗುರ ಕಟ್ಟಿಗೆ,
ಸಾಹೇಬರು ಚೆಂಡು ಹೊಡೆಯುವ ಬ್ಯಾಟಿನ ಜಾತಿ.
ಲಗಮಣ್ಣ ತಿರುವಿ ಮುರುವಿ ನೋಡಿ
ಎತ್ತಿನ ಗೊರಸು ನೋಡಿದವನಂತೆ ಮುಖ ಮಾಡಿದ.
'ಇದು ಬೂಟಿನ ಪಾದ. ಬೂಟು
ಎಷ್ಟ ದಿನ ಕೊಡತೈತಿ ಸರಕಾರ?
ಊರಾಗ ನಾ ಮೆಟ್ಟೂದು ಚಪ್ಪಲಿ.
ಉಂಗುಟದಾಗ ಏನ ಇಡ್ಲಿ?
ದುರ್ಗವ್ವನ ಗುಡಿ ಮುಂದ
ಚಪ್ಪಲಿ ಬಿಡಬೇಕೋ, ಕಾಲ ಬಿಡಬೇಕೋ?'

ನಕಾಶೆಯಲ್ಲಿ ಬೆರಳಿಲ್ಲ. ಮೂತಿ ಒಂದೇ, ಮೀನಿನ ಹಾಗೆ.
ತಪಾಸಣೆಯ ಕ್ಯಾಪ್ಟನ್ ಪ್ರತಿ ಪಾದವನ್ನೂ
ಪೆನ್ಸಿಲಿನಿಂದ ಬಡಿದು ನೋಡುತ್ತಾನೆ.
ಆ ರಾತ್ರಿ ಕಂದೀಲು ಹಚ್ಚಿ
ಮೊದಲು ನನ್ನ ಕಾಲು ನೋಡಿಕೊಂಡೆ.
ನಲವತ್ತೊಂದು ವರ್ಷ ಜೊತೆಗಿದ್ದೂ
ಹೆಬ್ಬೆರಳು ಪಕ್ಕದ ಬೆರಳಿನಿಂದ
ಇಷ್ಟು ದೂರವಿದೆಯೆಂದು ಗೊತ್ತಿರಲಿಲ್ಲ.
ಸಣ್ಣ ಉಳಿಯಿಂದ ಸಂದು ಬಿಡಿಸಿದೆ.
ಆಮೇಲೆ ಅದರಲ್ಲಿ ಮೇಣ, ಮರದ ಹುಡಿ,
ಮೇಲೆ ಸರಕಾರಿ ಬಣ್ಣ.
ಕ್ಯಾಪ್ಟನ್ ಬಡಿದ. ಪಾಸಾಯಿತು.
ಊರಿಗೆ ಹೋಗಿ ಬಿಸಿನೀರು ಹೊಯ್ಯಿ, ಎಂದೆ ಲಗಮಣ್ಣನ ಕಿವಿಯಲ್ಲಿ.

ಆಗಸ್ಟಿನಲ್ಲಿ ಶೇಲಾರನ ಯುದ್ಧವೂ ನಿಂತಿತು.
ಮಳೆಯಿತ್ತು, ಬಾಣ ಬಿರುಸು ಹತ್ತಲಿಲ್ಲ.
ವಾರ್ಡಿನವರು ಪೇಢೆಯನ್ನು ಕೂತೇ ತಿಂದರು.
ಆರ್ಡರಿನ ಪುಸ್ತಕದಲ್ಲಿ ಮಾತ್ರ
ಬರುವ ಮಾರ್ಚಿಯವರೆಗೆ ಕಾಲು ಬಾಕಿ.
ಸಂಜೆ ಹೊತ್ತು ಒಬ್ಬೊಬ್ಬರೇ, ಊರುಗೋಲಿಗೆ
ಬಟ್ಟೆ ಸುತ್ತಿಕೊಂಡು, ಸದ್ದಾಗದಂತೆ
ಶೆಡ್ಡಿಗೆ ಬಂದು ನಿಲ್ಲತೊಡಗಿದರು.
ಮೇಣ ಎರಡು ಸಲ ತರಿಸಿದೆ, ನನ್ನ ದುಡ್ಡಿನಲ್ಲಿ.

ದೀಪಾವಳಿ ಕಳೆದು ಒಂದು ಕಾರ್ಡು ಬಂತು,
ಬೇರೆ ಯಾರದೋ ಅಕ್ಷರ, ಮಾತು ಅವನದೇ:
'ಮೇಣ ಕರಗಿತು. ಚಪ್ಪಲಿ ಹೊಕ್ಕಿತು.
ಆದ್ರ ಕಟಗೀ ಬೆರಳು ಹಿಡಿಯೂದುಲ್ಲ,
ನಾಕು ಹೆಜ್ಜಿಗೊಮ್ಮೆ ಉಚ್ಚತೈತಿ.
ಸುತಳಿ ಕಟಗೊಂಡೇನಿ.
ಎಡಗಾಲಿಂದು ಸವದೈತಿ, ಬಲಗಾಲಿಂದು ಹಂಗ ಐತಿ.
ಇರಲಿ. ಸಂದು ಮಾತ್ರ
ಮುಂದಿನವ್ರಿಗೂ ಬಿಡು.'