ಭಾನುವಾರದ ಹುಳಿ

ಖಲಂದರ್ ಸಾಬಿ ಪ್ರತಿ ವಾರವೂ ಕೇಳುತ್ತಾನೆ:
ಕೈಮ ಎರಡು ಸಲ ಕೊಚ್ಚಲೋ, ಮೂರು ಸಲವೋ?
ಒಂದೇ ಸಲ, ಅನ್ನುತ್ತೇನೆ.
ಉಂಡೆ ನಿಲ್ಲಲ್ಲ ಕಣಮ್ಮ, ಹುರಿಗಡಲೆನಾದ್ರೂ ಹಾಕ್ತೀಯೋ?
ಬ್ರೆಡ್ಡು, ಅನ್ನುತ್ತೇನೆ. ಹಾಲಲ್ಲಿ ನೆನೆಸಿದ ಬ್ರೆಡ್ಡು.
ಅವನು ಕತ್ತಿ ಕೆಳಗಿಟ್ಟು
ಪಕ್ಕದ ಮೀನಿನವಳ ಮುಖ ನೋಡುತ್ತಾನೆ.
ಹನ್ನೊಂದು ವರ್ಷದಿಂದ ಇದೇ ನೋಟ.

ಭದ್ರಾವತಿಯಲ್ಲಿ, ರೈಲ್ವೆ ಗೇಟಿನ ಈಚೆಗೆ
ನಾಲ್ಕು ಮೇಜಿನ ಮೆಸ್ಸು ನನ್ನದು.
ವಾರವೆಲ್ಲ ಮುದ್ದೆ, ಬಸ್ಸಾರು, ಮೊಟ್ಟೆ.
ಭಾನುವಾರ ಮಾತ್ರ ಅಪ್ಪನ ಅಡುಗೆ.
ಅಪ್ಪನದೂ ಅಲ್ಲ, ಕಮಲಮ್ಮನದು.

ನಿಜ ಹೆಸರು ಕಾರ್ಮೆಲಾ.
ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ
ಅಮೆರಿಕದ ಇಂಜಿನಿಯರನ ಹೆಂಡತಿ,
ಗೆಸ್ಟ್ ಹೌಸಿನಲ್ಲಿ ಹದಿನಾಲ್ಕು ತಿಂಗಳು.
ಅವಳಜ್ಜಿ ಇಟಲಿಯಿಂದ ಹಡಗು ಹತ್ತಿದಾಗ
ಉಂಡೆ ನಿಂಬೆಗಾತ್ರ ಇತ್ತಂತೆ.
ಆಚೆ ದಡದಲ್ಲಿ ಮಾಂಸ ಅಗ್ಗ, ಕೂಲಿ ಜಾಸ್ತಿ,
ಕಿತ್ತಳೆಯಷ್ಟಾಯಿತಂತೆ.
ಇದನ್ನು ಅಡುಗೆಯ ಚೌರಪ್ಪ, ಅಂದರೆ ನಮ್ಮಪ್ಪ,
ಅರ್ಧ ಕೈಸನ್ನೆಯಲ್ಲಿ ತಿಳಿದುಕೊಂಡದ್ದು.
ಉಳಿದರ್ಧ ಅವನೇ ಕಟ್ಟಿರಬಹುದು.

ಅವಳಿಗೆ ಬೇಕಾದ ಒಂದು ಸೊಪ್ಪಿನ ಹೆಸರು
ಇಲ್ಲಿ ಯಾರಿಗೂ ತಿಳಿಯಲಿಲ್ಲ.
ಎಲೆಯ ಚಿತ್ರ ಬರೆದು ಕೊಟ್ಟಳು.
ಅಪ್ಪ ಪುದೀನ ತಂದ, ದೊಡ್ಡಪತ್ರೆ ತಂದ,
ತುಳಸಿ ತಂದಾಗ ಮೂಗಿಗೆ ಹಿಡಿದು
ಹತ್ತಿರ, ಹತ್ತಿರ, ಎಂಬಂತೆ ಕೈ ಆಡಿಸಿದಳು.
ಕೊನೆಗೆ ಸಿಕ್ಕಿದ್ದು ಹೂವಾಡಗಿತ್ತಿಯ ಬುಟ್ಟಿಯಲ್ಲಿ,
ಕನಕಾಂಬರದ ನಡುನಡುವೆ ಕಟ್ಟಿದ
ಕಾಮಕಸ್ತೂರಿ.
ಅಯ್ಯೋ, ಮುಡಿಯೋದನ್ನ ಯಾರಾದ್ರೂ ಬೇಯಿಸ್ತಾರ?
ಎಂದು ನಕ್ಕು, ಒಂದು ಮೊಳ ಹೆಚ್ಚಿಗೇ ಅಳೆದಳು.

ನಾಟಿ ಟೊಮೆಟೊ ಮೂರು ಕೆಜಿ.
ಬಿಸಿನೀರಲ್ಲಿ ಅದ್ದಿ, ಸಿಪ್ಪೆ ಸುಲಿದು
ಕೈಯಲ್ಲೇ ಹಿಸುಕಬೇಕು.
ಮಿಕ್ಸಿಗೆ ಹಾಕಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ,
ಬೈಸಿಕೊಂಡಿದ್ದೇನೆ.
ಉಂಡೆಯನ್ನು ಒತ್ತಬಾರದು,
ನಿದ್ದೆಹೋದ ಮರಿಯನ್ನು ಎತ್ತಿದ ಹಾಗೆ ಉರುಳಿಸಬೇಕು.
ಹುರಿದ ಬಾಣಲೆಯ ತಳ ಕೆರೆದು
ಕಂದು ಚೂರನ್ನೂ ಬಿಡದೆ ಹುಳಿಗೆ.
ಆಮೇಲೆ ಉರಿ ಸಣ್ಣ ಮಾಡಿ ಸುಮ್ಮನಿರಬೇಕು.
ಈ ಸುಮ್ಮನಿರುವುದೇ ನನಗೆ ಬರದ್ದು.

ಎರಡು ವರ್ಷದ ಹಿಂದಿನ ಜ್ವರ
ಅಪ್ಪನ ಮೂಗನ್ನೂ ನಾಲಗೆಯನ್ನೂ ಒಯ್ದಿತು.
ಈಗ ಒಲೆಯ ಪಕ್ಕ ಸ್ಟೂಲು ಹಾಕಿ
ಕಿವಿ ಕೊಟ್ಟು ಕೂರುತ್ತಾನೆ.
ಕೊತಕೊತ ಅಂದ್ರೆ ಅವಸರ, ಇಳಿಸು.
ಗುಳುಗುಳು ಅಂದ್ರೆ ಇನ್ನೂ ನೀರು ಮಾತಾಡ್ತಿದೆ.
ಬುಳುಕ್,
ಆಮೇಲೆ ಒಂದು ನಮೋ ಮರಿಯಾ ಪೂರ್ತಿ ಮುಗಿಯಬೇಕು,
ಆಗ ಇನ್ನೊಂದು
ಬುಳುಕ್.
ಅದು ಹದ.

ಒಮ್ಮೆ ಯೂನಿಯನ್ ಆಫೀಸಿನಿಂದ ನಲವತ್ತು ಊಟ ಹೇಳಿದರು.
ಹಿತ್ತಲಿಗೆ ಕುಕ್ಕರ್ ಒಯ್ದು ಕದ್ದು ಮುಗಿಸಿದೆ.
ಯಾರಿಗೂ ಗೊತ್ತಾಗಲಿಲ್ಲ, ಎರಡನೆಯ ಸಲ ಬಡಿಸಿಕೊಂಡರು.
ಅಪ್ಪನೂ ತಿಂದ. ಕೈ ತೊಳೆದು ಬಂದು ಕೇಳಿದ:
ಇವತ್ತು ಯಾಕಮ್ಮ ಒಲೆ ಮೂಕಾಗಿತ್ತು?

ಶಾವಿಗೆ ಒತ್ತುವುದು ಹನ್ನೆರಡಕ್ಕೆ.
ಅದರ ಮೇಲೆ ಎರಡು ಉಂಡೆ, ಒಂದು ಸೌಟು ಹುಳಿ.
ಲಾರಿಯವರು ಈರುಳ್ಳಿ ಕೇಳುತ್ತಾರೆ, ಕೊಡುತ್ತೇನೆ.
ಖಲಂದರ್ ಅಂಗಡಿ ಮುಚ್ಚಿ ಬಂದು
ನಿಂತೇ ಒಂದು ಉಂಡೆ ತಿಂದು, ಬೆರಳು ನೆಕ್ಕಿ,
ಹುರಿಗಡಲೆ ಇದ್ದಿದ್ರೆ, ಅನ್ನುತ್ತಾನೆ. ಮುಂದೆ ಏನೂ ಅನ್ನುವುದಿಲ್ಲ.

ಈಗ ಹನ್ನೊಂದೂ ಕಾಲು.
ಒಂದು ಬುಳುಕ್ ಆಗಿದೆ.
ಅಪ್ಪ ಬೆರಳು ಎತ್ತಿದ್ದಾನೆ, ತುಟಿ ಆಡುತ್ತಿದೆ.
ಅಷ್ಟರಲ್ಲಿ ಗೇಟು ಬಿತ್ತು,
ತಾಳಗುಪ್ಪದ ಗಾಡಿ ತಟ್ಟೆ ಲೋಟವನ್ನೆಲ್ಲ ನಡುಗಿಸುತ್ತ
ಬೋಗಿಯ ಮೇಲೆ ಬೋಗಿ, ಹಾದೇ ಹಾದುಹೋಯಿತು.
ಸೌಟು ಹಿಡಿದು ನಿಂತಿದ್ದೇನೆ.
ಬೆರಳು ಇನ್ನೂ ಮೇಲೇ ಇದೆ.