ಋಣ ಸೊನ್ನೆ

ಸಿರುಗುಪ್ಪದ ಆದವಾನಿ ರೋಡಿನಲ್ಲಿ
ರೈಸ್ ಮಿಲ್ಲಿನ ವೇಬ್ರಿಜ್ಜಿಗೆ ರಾತ್ರಿ ಪಾಳಿ ನನ್ನದು.
ಲಾರಿ ಏರಿದಾಗ ಕೆಂಪು ಅಂಕಿ ನಡುಗುತ್ತದೆ,
ನಿಲ್ಲುವ ತನಕ ಕಾಯಬೇಕು.
ಎರಡು ಲಾರಿಗಳ ನಡುವೆ ಸಿಕ್ಕಷ್ಟು ಹೊತ್ತು
ಫೋರಿಯರ್ ಪರಿವರ್ತನೆಯ ಹಳೇ ಕೋಡು ರಿಪೇರಿ.

ಹಾಗಂದರೇನು ಅಂತ ಕೇಳಿದವರಿಗೆ
ಎದುರಿನ ವೈಂಡಿಂಗ್ ಅಂಗಡಿಯ
ಶೇಕ್ಷಾವಲಿ ಮಾಮನನ್ನು ತೋರಿಸುತ್ತೇನೆ.
ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ ಹೇಳುತ್ತಾನೆ:
"ಒಂದು ಕರೆಂಟಿಂದು, ಅದಿರ್ಲಿ. ಒಂದು ಫ್ಯಾನಿಂದು.
ಆ ಕಿರ್ ಅನ್ನೋದೈತಲ್ಲ, ಅದು ಬೇರಿಂಗು, ಹಿಂದಿಂದು."
ಒಂದೇ ಗದ್ದಲ; ಅವನ ಕಿವಿಯಲ್ಲಿ ಬಿಡಿ ಬಿಡಿ.
ಅಷ್ಟೇ. ಅದನ್ನು ಯಂತ್ರಕ್ಕೆ ಕಲಿಸಿದವನೊಬ್ಬ
ನಾನು ಹುಟ್ಟುವ ಮೊದಲೇ ಬರೆದಿಟ್ಟ,
ಯಾರು ಬೇಕಾದರೂ ಒಯ್ಯಲಿ ಎಂದು ಬಿಟ್ಟುಹೋದ.

ಫೋರ್ಟ್ರಾನು.
ಎಲ್ಲ ದೊಡ್ಡಕ್ಷರ, ಕೆಪ್ಪನಿಗೆ ಕೂಗಿ ಹೇಳಿದ ಹಾಗೆ.
ಸಾಲಿಗೆ ಆರು ಮನೆ ಖಾಲಿ ಬಿಟ್ಟು ಏಳರಿಂದ ಶುರು,
ಎಪ್ಪತ್ತೆರಡು ದಾಟಿದ್ದು ಯಾರಿಗೂ ಲೆಕ್ಕಕ್ಕಿಲ್ಲ.
ನೂರಾ ಏಳಕ್ಕೆ ಹೋಗು, ಅಲ್ಲಿಂದ ನೂರಾ ಮೂರಕ್ಕೆ ಬಾ,
ದಾರಿ ಕೇಳಿದವನನ್ನು ಊರೆಲ್ಲ ತಿರುಗಿಸುವ ಸಾಲುಗಳು.
ಆದರೂ ನಲವತ್ತು ವರ್ಷ ತಪ್ಪು ಹೇಳಿಲ್ಲ.
ನಾನು ಕೈಹಾಕಿದ್ದು ಅದು ಕೆಟ್ಟಿದ್ದಕ್ಕಲ್ಲ,
ಓದುವವರು ಕಡಿಮೆಯಾದರು.

ಮೊದಲ ತೊಡಕು ಎಣಿಕೆಯದೇ.
ಅದು ಒಂದರಿಂದ ಎಣಿಸುತ್ತದೆ, ನನ್ನದು ಸೊನ್ನೆಯಿಂದ.
ಕಿಟಕಿಯಾಚೆ ಹಮಾಲಿ ಈರನಾಗಪ್ಪ ಚೀಲ ಇಳಿಸುತ್ತಾನೆ:
ಲಾಭ... ಎರಡು... ಮೂರು...
ಒಂದು ಅನ್ನುವುದಿಲ್ಲ ಅವನು, ಯಾವತ್ತೂ.
ನಾಲ್ಕು ರಾತ್ರಿ ಒಂದೊಂದು ಮನೆ ಆಚೀಚೆ ಇಟ್ಟು
ಉತ್ತರ ಕೆಡಿಸಿಕೊಂಡು, ಕೊನೆಗೆ
ಮೊದಲ ಮನೆಗೆ ನೋಟ್‌ಬುಕ್ಕಿನಲ್ಲಿ ಲಾಭ ಎಂದೇ ಬರೆದೆ.
ಸರಿಹೋಯಿತು.

ಒಡೆಯುವುದೇ ಇದರ ಜಾಣತನ:
ಸಾವಿರದ ಇಪ್ಪತ್ತನಾಲ್ಕು ಅರ್ಧ, ಅರ್ಧದ ಅರ್ಧ,
ಅಣ್ಣತಮ್ಮಂದಿರ ಹಿಸೆಯ ಹಾಗೆ, ಒಂದೊಂದೇ ಉಳಿಯುವ ತನಕ.
ಸಾವಿರದ ಒಂಬತ್ತು ಬಂತೋ, ಹಿಸೆಗೆ ಒಪ್ಪದ ಸಂಖ್ಯೆ,
ಪ್ರತಿಯೊಂದನ್ನೂ ಪ್ರತಿಯೊಂದಕ್ಕೆ ತಾಳೆ ನೋಡುತ್ತ
ಹಳೆಯದು ಏದುಸಿರು ಬಿಡುತ್ತಿತ್ತು.
ಈಗ ಸೊನ್ನೆಗಳ ತೌಡು ಸುರಿದು
ಎರಡು ಸಾವಿರದ ನಲವತ್ತೆಂಟು ಮಾಡಿ ಒಡೆಯುತ್ತೇವೆ,
ಉತ್ತರ ಬಂದ ಮೇಲೆ ತೌಡು ಕೇರಿ ಚೆಲ್ಲುತ್ತೇವೆ.

ಮೂರು ತಿಂಗಳು. ನಾನೂರ ಹನ್ನೆರಡು ಪರೀಕ್ಷೆ.
ಎಲ್ಲ ಹಸಿರು, ಒಂದು ಕೆಂಪು:
ಹಳೆಯದು ಕೊಟ್ಟದ್ದು ಋಣ ಸೊನ್ನೆ,
ನನ್ನದು ಬರೀ ಸೊನ್ನೆ.
ಎರಡೂ ಸಮ ಅನ್ನುತ್ತದೆ ಯಂತ್ರ, ಕೇಳಿದರೆ.
ಆದರೆ ಅವುಗಳಿಂದ ಒಂದನ್ನು ಭಾಗಿಸಿ ನೋಡು,
ಒಬ್ಬ ಆಕಾಶಕ್ಕೆ, ಒಬ್ಬ ಪಾತಾಳಕ್ಕೆ.

ಮೈನಸ್ಸಿಗೆ ಋಣ ಅಂತ ಕಲಿಸುವಾಗ
ಲಲಿತಾಬಾಯಿ ಟೀಚರು ಅಂದಿದ್ದರು,
"ತೀರಿಸ್ಬೇಕಾದ್ದು ಅಂತ ತಿಳ್ಕೊ."
ತೀರಿ ಸೊನ್ನೆಯಾದ ಮೇಲೂ ಗುರುತು ಉಳಿಯುತ್ತದೆಂದು
ಅವರು ಹೇಳಿರಲಿಲ್ಲ.
ಮುಖ ಕಾಣದ ಜೊತೆಗಾರನೊಬ್ಬ ಅಂದ,
ಬಿಡು, ಸೊನ್ನೆಗೆಂಥ ಚಿಹ್ನೆ.
ಬಿಡುವುದಕ್ಕೇ ಹೊರಟಿದ್ದೆ.

ಎರಡೂವರೆಗೆ ಕಂಪ್ಲಿಯ ಲಾರಿ ಇಳಿದುಹೋಯಿತು.
ಖಾಲಿ ವೇಬ್ರಿಜ್ಜು. ಅಂಕಿ ನಡುಗಿ, ನಡುಗಿ, ನಿಂತದ್ದು: –0.
ಚೀಟಿಗೆ ಬಂದ ಕ್ಲೀನರ್ ಹುಡುಗ ನಕ್ಕ:
"ಯಕ್ಕಾ, ಏನೂ ಇಲ್ಲದ್ದಕ್ಕೂ ಮೈನಸ್ಸಾ?"
"ಭಾರ ಈಗಷ್ಟೇ ಇಳಿದೈತಪ್ಪ.
ಯಾವ ಕಡಿಂದ ಬಂದೆ ಅನ್ನೋದು ಅದಕ್ಕ ಇನ್ನಾ ನೆನಪೈತಿ."
ಅಂದ ಮೇಲೆ ನನಗೇ ಕೇಳಿಸಿತು.

ಒಂದು ಸಾಲು ಸೇರಿಸಿದೆ. ಚಿಹ್ನೆ ಉಳಿಯಿತು.
ಹಳೆಯ ಕಡತ ಅಳಿಸುವ ಮುನ್ನ
ಅದರ ತಲೆಯ ಮೇಲಿದ್ದ ಹೆಸರು, ವರ್ಷ,
ನಡುವೆ ಎಲ್ಲೋ ಅವನೇ ಬರೆದಿಟ್ಟ
'ಇಲ್ಲಿ ಕೈ ಹಚ್ಚಬೇಡಿ, ಕಾರಣ ನನಗೂ ಗೊತ್ತಿಲ್ಲ'
ಎಂಬ ಮಾತನ್ನು ಹೊಸದರ ನೆತ್ತಿಗೆ ನಕಲಿಸಿದೆ,
ದೊಡ್ಡಕ್ಷರದಲ್ಲೇ, ಆರು ಮನೆ ಖಾಲಿ ಬಿಟ್ಟು.

ಹೊರಗೆ ಹಾರನ್ನು.
ಹದಿನಾರು ಟನ್ನು ಸೋನಾ ಮಸೂರಿ
ನಡುಗುತ್ತ ಏರತೊಡಗಿತು.